ಪರದೇಶಿಯ ಬಿಡಾರ

ಕನ್ನಡದಲ್ಲಿ 'ಪರದೇಶಿ' ಎಂದರೆ ಬೇರೆ ದೇಶದವನು ಎಂದಷ್ಟೇ ಅರ್ಥವಲ್ಲ. 'ಪಾಪ, ಪರದೇಶಿ ಹಾಗೆ ಕೂತಿದೆ ಮಗು' ಎನ್ನುತ್ತೇವೆ. ದಿಕ್ಕಿಲ್ಲದವರು, ಕೇಳುವವರಿಲ್ಲದವರು, ಹಸಿವಾದಾಗ ತಟ್ಟೆ ಮುಂದಿಡುವವರಿಲ್ಲದವರು ನಮ್ಮ ಬಾಯಲ್ಲಿ ಪರದೇಶಿಗಳು. ಅವರು ತಮ್ಮ ಊರಿನಲ್ಲೇ ಇದ್ದರೂ ಸರಿ. ಹುಟ್ಟಿದ ನೆಲ ಬಿಟ್ಟವರಿಗೆ ಏನಾಗುತ್ತದೆ ಎಂಬ ಹಳೆಯ ಭಯವೊಂದು ಈ ಪದದ ಅರ್ಥದೊಳಗೆ ಸೇರಿಕೊಂಡಿದೆ. ಮರಾಠಿಯಲ್ಲಿ ಅದೇ 'ಪರದೇಶೀ' ಮುಖ್ಯವಾಗಿ ಹೊರದೇಶದವರನ್ನು, ಹೊರದೇಶದ ವಸ್ತುಗಳನ್ನು ಸೂಚಿಸುತ್ತದೆ. ಅನುವಾದದ ಕೆಲಸದಲ್ಲಿ ಈ ಪದ ಎದುರಾದಾಗಲೆಲ್ಲ ನಾನು ಎರಡು ಸಲ ಯೋಚಿಸಬೇಕಾಗುತ್ತದೆ.

ಪುಣೆಗೆ ಬಂದು ಬಾಡಿಗೆ ಮನೆ ಹುಡುಕುವಾಗ ಕಿವಿಗೆ ಬಿದ್ದ ಇನ್ನೊಂದು ಪದ 'ಬಿರ್‍ಹಾಡ'. ಬಾಡಿಗೆಯ ಜಾಗದಲ್ಲಿ ಹೂಡಿದ ಸಂಸಾರ, ಅದರ ಪಾತ್ರೆಪಗಡೆ ಸಮೇತ, ಬಿರ್‍ಹಾಡ. ನಮ್ಮ 'ಬಿಡಾರ'ಕ್ಕೆ ಧ್ವನಿಯಲ್ಲೂ ಅರ್ಥದಲ್ಲೂ ತೀರ ಹತ್ತಿರದ ಪದ. ಬಿಡಾರ ಹೂಡುವವರಿಗೆ ಇದು ತಮ್ಮ ಮನೆಯಲ್ಲ ಎಂಬುದು ಗೊತ್ತಿರುತ್ತದೆ. ಆದರೂ ಒಲೆ ಹಚ್ಚುತ್ತಾರೆ, ಗೋಡೆಗೆ ಮೊಳೆ ಹೊಡೆಯುತ್ತಾರೆ.

ಈ ಎರಡು ಪದಗಳ ನಡುವೆ ಇಟ್ಟು ನಾನು ಓದಿಕೊಂಡ ಬದುಕು ಆನಂದಿಬಾಯಿ ಜೋಶಿಯವರದು. ಅವರ ಕಥೆ ಬಹುಪಾಲು ಓದುಗರಿಗೆ ಗೊತ್ತು: ಹದಿನೆಂಟನೆಯ ವಯಸ್ಸಿಗೆ ಒಬ್ಬರೇ ಅಮೆರಿಕಕ್ಕೆ ಹೋಗಿ, 1886ರಲ್ಲಿ ವೈದ್ಯೆಯಾಗಿ, 1887ರಲ್ಲಿ ಪುಣೆಯಲ್ಲಿ ತೀರಿಕೊಂಡವರು. ಸಿನಿಮಾ, ಶಾಲೆಯ ಪಾಠ ಎಲ್ಲದರಲ್ಲೂ ನಮಗೆ ಸಿಗುವುದು ಹಡಗು ಹತ್ತಿದ ದಿನ ಮತ್ತು ಪದವಿ ಪಡೆದ ದಿನ. ಅವೆರಡರ ನಡುವೆ ಸುಮಾರು ಮೂರು ವರ್ಷಗಳಿವೆ. ಆ ವರ್ಷಗಳಲ್ಲಿ ಅವರು ಏನು ಉಟ್ಟರು, ಏನು ತಿಂದರು, ಚಳಿಗೆ ಏನು ಮಾಡಿದರು, ಜ್ವರ ಬಂದಾಗ ಯಾರಿದ್ದರು? ಇವು ಚಿಲ್ಲರೆ ಪ್ರಶ್ನೆಗಳಂತೆ ಕಾಣುತ್ತವೆ. ಆದರೆ ಹೊರಡುವ ಮೊದಲು ಅವರು ಒಂದು ಸಭೆಯಲ್ಲಿ ಉತ್ತರಿಸಬೇಕಾಗಿ ಬಂದದ್ದು ಇಂಥ ಪ್ರಶ್ನೆಗಳಿಗೇ.

ಆರು ಪ್ರಶ್ನೆಗಳು

1865ರ ಮಾರ್ಚ್ 31ರಂದು ಹುಟ್ಟಿದ ಹುಡುಗಿಯ ಹೆಸರು ಯಮುನಾ. ಕಲ್ಯಾಣದ ಮನೆತನ. ಒಂಬತ್ತನೆಯ ವಯಸ್ಸಿಗೆ ಮದುವೆ. ಗಂಡ ಗೋಪಾಲರಾವ್ ಜೋಶಿ, ಅಂಚೆ ಇಲಾಖೆಯ ಗುಮಾಸ್ತ, ಆಕೆಗಿಂತ ಸುಮಾರು ಇಪ್ಪತ್ತು ವರ್ಷ ದೊಡ್ಡವರು. ಹೆಂಡತಿ ಓದಲೇಬೇಕು ಎಂಬ ಹಟದ ಮನುಷ್ಯ. ಆನಂದಿ ಎಂಬ ಹೆಸರಿಟ್ಟದ್ದೂ ಅವರೇ. ಓದು ಕಲಿಸಿದ ಕೈಯೇ ಹೊಡೆದದ್ದೂ ಉಂಟು. ಹತ್ತನೆಯ ವಯಸ್ಸಿನಲ್ಲಿ ಕಟ್ಟಿಗೆಯ ತುಂಡಿನಿಂದ ತಿಂದ ಏಟು, ಹನ್ನೆರಡರಲ್ಲಿ ತನ್ನತ್ತ ಎಸೆದ ಕುರ್ಚಿ, ಪುಸ್ತಕಗಳು – ಇವನ್ನೆಲ್ಲ ಮುಂದೆ ಅಮೆರಿಕದಿಂದ ಗಂಡನಿಗೆ ಬರೆದ ಒಂದು ಪತ್ರದಲ್ಲಿ ಆನಂದಿಬಾಯಿ ಒಂದೊಂದಾಗಿ ನೆನೆಯುತ್ತಾರೆ. ಅದು ಒಳ್ಳೆಯದೋ ಕೆಟ್ಟದ್ದೋ ತೀರ್ಮಾನಿಸುವುದು ಕಷ್ಟ ಎಂದೂ ಅದೇ ಪತ್ರದಲ್ಲಿ ಹೇಳುತ್ತಾರೆ.

ಹದಿಮೂರು-ಹದಿನಾಲ್ಕರ ವಯಸ್ಸಿಗೆ ಒಂದು ಗಂಡುಮಗು ಹುಟ್ಟಿ ಹತ್ತು ದಿನಕ್ಕೆ ತೀರಿಕೊಂಡಿತು. ಹೆಣ್ಣು ವೈದ್ಯೆಯರಿಲ್ಲದೆ ಹೆಂಗಸರು ಪಡುವ ಪಾಡು ಆಕೆಗೆ ಪುಸ್ತಕದಿಂದ ತಿಳಿದದ್ದಲ್ಲ. ಗೋಪಾಲರಾವ್ ಕೊಲ್ಹಾಪುರದಲ್ಲಿದ್ದಾಗ, 1878ರಲ್ಲಿ, ಹೆಂಡತಿಯ ಓದಿಗೆ ಸಹಾಯ ಕೇಳಿ ಅಮೆರಿಕದ ಮಿಷನರಿ ವೈಲ್ಡರ್ ಅವರಿಗೆ ಪತ್ರ ಬರೆದರು. ವೈಲ್ಡರ್ ಅದನ್ನು ತಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. 1880ರಲ್ಲಿ ನ್ಯೂಜೆರ್ಸಿಯ ರೊಸೆಲ್ ಎಂಬ ಊರಿನ ಥಿಯೋಡೀಷಿಯಾ ಕಾರ್ಪೆಂಟರ್ ಎಂಬ ಗೃಹಿಣಿ ಹಲ್ಲಿನ ವೈದ್ಯರಲ್ಲಿ ಸರದಿಗೆ ಕಾಯುತ್ತ ಆ ಹಳೆಯ ಸಂಚಿಕೆ ತಿರುವಿಹಾಕಿದರು. ಕಂಡದ್ದು ಮನಸ್ಸಿನಲ್ಲಿ ಉಳಿಯಿತು, ಪತ್ರ ಬರೆದರು. ಮೂರು ವರ್ಷ ಪತ್ರಗಳು ಓಡಾಡಿದವು. ಆನಂದಿಬಾಯಿಗೆ ಆಕೆ ಅತ್ತೆಯೂ ಅಲ್ಲ, ಮೇಡಮ್ಮೂ ಅಲ್ಲ, ಚಿಕ್ಕಮ್ಮನಂಥವರು. ಕಲ್ಕತ್ತೆಯಲ್ಲಿ ತಲೆನೋವು, ಜ್ವರ, ಉಬ್ಬಸ ಎಂದು ಆನಂದಿಬಾಯಿ ನರಳುತ್ತಿದ್ದಾಗ ಈ ಚಿಕ್ಕಮ್ಮ ಅಮೆರಿಕದಿಂದ ಔಷಧಿ ಕಳಿಸಿದ್ದರು. ಗುಣವಾಗಲಿಲ್ಲ, ಅದು ಬೇರೆ ಮಾತು. ಮುಖ ನೋಡದೆಯೇ ಮೈ ಹುಷಾರಿಲ್ಲದ್ದನ್ನು ವಿಚಾರಿಸುವ ಒಬ್ಬರು ಸಮುದ್ರದಾಚೆ ಸಿಕ್ಕಿದ್ದರು. ಕಾಯಿಲೆ ಪ್ರಯಾಣಕ್ಕಿಂತ ಮೊದಲೇ ಮೈ ಸೇರಿತ್ತು ಎಂಬುದನ್ನೂ ಇಲ್ಲಿ ನೆನಪಿಡಬೇಕು.

1883ರ ಫೆಬ್ರವರಿ 24ರಂದು ಬಂಗಾಳದ ಸೆರಾಂಪುರದ ಕಾಲೇಜಿನ ಸಭಾಂಗಣದಲ್ಲಿ ಆನಂದಿಬಾಯಿ ಇಂಗ್ಲಿಷಿನಲ್ಲಿ ಒಂದು ಭಾಷಣ ಮಾಡಿದರು. ಜನ ಕೇಳುತ್ತಿದ್ದ ಆರು ಪ್ರಶ್ನೆಗಳನ್ನು ಎತ್ತಿಕೊಂಡು ಒಂದೊಂದಕ್ಕೂ ಉತ್ತರ ಕೊಟ್ಟರು. ಅಮೆರಿಕಕ್ಕೆ ಯಾಕೆ? ಇಲ್ಲಿ ಓದಲು ಅನುಕೂಲವಿಲ್ಲವೆ? ಒಬ್ಬಳೇ ಯಾಕೆ? ಹಿಂದಿರುಗಿದಾಗ ಬಹಿಷ್ಕಾರ ಹಾಕುವುದಿಲ್ಲವೆ? ಅಲ್ಲಿ ಏನಾದರೂ ಆದರೆ? ಯಾವ ಹೆಂಗಸೂ ಮಾಡದ್ದನ್ನು ನೀನು ಯಾಕೆ ಮಾಡಬೇಕು?

ಮೂರನೆಯ ಪ್ರಶ್ನೆಯ ಉತ್ತರ ಸರಳವಾಗಿತ್ತು. ಗಂಡನ ದುಡಿಮೆಯ ಮೇಲೆ ವಯಸ್ಸಾದ ತಾಯಿ, ತಮ್ಮಂದಿರು ಇದ್ದಾರೆ. ಇಬ್ಬರಿಗೆ ಆಗುವಷ್ಟು ಹಣವಿಲ್ಲ. ನಾಲ್ಕನೆಯದಕ್ಕೆ ಕೊಟ್ಟ ಉತ್ತರ ಮಾತ್ರ ಮುಂದಿನ ಮೂರು ವರ್ಷ ಅವರ ಹೆಗಲ ಮೇಲೆ ಕೂತಿತು. ನಡೆನುಡಿ, ಊಟ, ಉಡುಗೆ ಯಾವುದನ್ನೂ ಬದಲಿಸುವುದಿಲ್ಲ, ಹಿಂದೂವಾಗಿ ಹೋಗಿ ಹಿಂದೂವಾಗಿಯೇ ಬಂದು ಬಾಳುತ್ತೇನೆ, ಅಂದ ಮೇಲೆ ಬಹಿಷ್ಕಾರ ಯಾಕೆ ಎಂದು ಅವರು ಕೇಳಿದರು.

ಸಭೆಗೆ ಒಪ್ಪಿಗೆಯಾಗುವ ಉತ್ತರ ಅದು. ಆದರೆ ದೇಶ ಬಿಟ್ಟು ಹೊರಗೆ ಹೆಜ್ಜೆಯಿಡದ ಹದಿನೆಂಟರ ಹೆಂಗಸು ಫಿಲಡೆಲ್ಫಿಯಾದ ಜನವರಿಯ ಬಗ್ಗೆ ಕೊಟ್ಟ ಮಾತೂ ಹೌದು.

ಮಾತು ಎಷ್ಟು ತೂಕದ್ದು

ಇವತ್ತಿನ ಓದುಗರಿಗೆ ಊಟ-ಉಡುಗೆಯ ಮಾತು ಅಷ್ಟು ದೊಡ್ಡದಾಗಿ ಕಾಣಿಸಲಾರದು. ಅದರ ತೂಕ ತಿಳಿಯಲು ಪುಣೆಯ ಹಳೆಯ ಪೇಟೆಯ ಪಂಚಹೌದ್ ಚರ್ಚಿಗೆ ಹೋಗಿ ಬರಬೇಕು. ಕಟ್ಟಡ ಈಗಲೂ ಇದೆ. 1890ರ ಅಕ್ಟೋಬರ್‌ನಲ್ಲಿ ಇಲ್ಲಿನ ಮಿಷನ್ನಿನವರು ಒಂದು ಕಾರ್ಯಕ್ರಮಕ್ಕೆ ಊರಿನ ಗಣ್ಯರನ್ನು ಕರೆದು ಚಹಾ, ಬಿಸ್ಕತ್ತು ಕೊಟ್ಟರು. ಹೋದವರಲ್ಲಿ ಮಹಾದೇವ ಗೋವಿಂದ ರಾನಡೆ, ಬಾಲಗಂಗಾಧರ ಟಿಳಕ ಇದ್ದರು. ಕೆಲವರು ಕುಡಿದರು, ಕೆಲವರು ಕಪ್ಪು ಮುಟ್ಟಿ ಕೆಳಗಿಟ್ಟರು. ಆಮೇಲೆ ಹೆಸರುಗಳ ಪಟ್ಟಿ ಪತ್ರಿಕೆಯೊಂದರಲ್ಲಿ ಬಂತು. ದೂರು ಶಂಕರಾಚಾರ್ಯರವರೆಗೆ ಹೋಯಿತು, ವಿಚಾರಣೆ ನಡೆಯಿತು. ರಾನಡೆ, ಟಿಳಕ ಇಬ್ಬರೂ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಾಯಿತು. ತಮ್ಮದೇ ಊರಿನಲ್ಲಿ, ದೊಡ್ಡ ಹೆಸರಿನ ಗಂಡಸರಿಗೆ, ಒಂದು ಕಪ್ಪು ಚಹಾಕ್ಕೆ ಇಷ್ಟಾಯಿತು.

ಆ ಪಟ್ಟಿಯನ್ನು ಪತ್ರಿಕೆಗೆ ಕೊಟ್ಟವರು ಯಾರು? ಆನಂದಿಬಾಯಿಯವರ ಗಂಡ ಗೋಪಾಲರಾವ್ ಜೋಶಿ. ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು. ಸುಧಾರಕರು ಬಾಯಲ್ಲಿ ಹೇಳುವುದೇ ಒಂದು, ಮಾಡುವುದೇ ಒಂದು ಎಂದು ತೋರಿಸುವ ಚಪಲ ಅವರಿಗೆ. ಸುಧಾರಣೆಯ ಪಕ್ಷವನ್ನೂ ಸಂಪ್ರದಾಯದ ಪಕ್ಷವನ್ನೂ ಒಟ್ಟಿಗೇ ಕೆಣಕಬಲ್ಲ ಈ ಮನುಷ್ಯನಿಗೆ ಆನಂದಿಬಾಯಿ ಫಿಲಡೆಲ್ಫಿಯಾದಿಂದ ತಮ್ಮ ಊಟ-ಉಡುಗೆಯ ವರದಿ ಒಪ್ಪಿಸಬೇಕಿತ್ತು.

ರೊಸೆಲ್‌ನ ಮನೆ, ಫಿಲಡೆಲ್ಫಿಯಾದ ಕೋಣೆ

ಚಿನ್ನದ ಬಳೆ ಮಾರಿ, ಹಣ ಹೊಂದಿಸಿ, 1883ರ ಏಪ್ರಿಲ್ 7ರಂದು ಕಲ್ಕತ್ತೆಯಲ್ಲಿ ಹಡಗು ಹತ್ತಿದರು. ಜೊತೆಗೆ ಪರಿಚಯದ ಮಿಷನರಿ ಹೆಂಗಸರಿದ್ದರು, ತಮ್ಮವರು ಯಾರೂ ಇರಲಿಲ್ಲ. ಜೂನ್ 4ಕ್ಕೆ ನ್ಯೂಯಾರ್ಕ್. ಸುಮಾರು ಎರಡು ತಿಂಗಳ ಪ್ರಯಾಣ. ಕಟ್ಟೆಯಲ್ಲಿ ಕಾರ್ಪೆಂಟರ್ ಚಿಕ್ಕಮ್ಮ ಕಾಯುತ್ತಿದ್ದರು.

ಮೊದಲ ಬೇಸಗೆ ಕಳೆದದ್ದು ರೊಸೆಲ್‌ನ ಆ ಮನೆಯಲ್ಲಿ. ಮಕ್ಕಳಿದ್ದ ಮನೆ. ಪತ್ರದಲ್ಲಿ ಮೂರು ವರ್ಷ ನೆಂಟಸ್ತನ ಬೆಳೆಸಿದ್ದವರು ಈಗ ಒಂದೇ ಸೂರಿನಡಿ ಬಂದಿದ್ದರು. ಅಡುಗೆಮನೆಯಲ್ಲಿ ಜಾಗ ಸಿಕ್ಕಿತು, ಮಾತಿಗೆ ಜನ ಸಿಕ್ಕರು. ಹೊರದೇಶಕ್ಕೆ ಹೋದವರು ಅಲ್ಲಿ ಮನೆ ಕಟ್ಟಿಕೊಳ್ಳುವ ಒಂದು ಬಗೆ ಇದು: ಇನ್ನೊಬ್ಬರ ಮನೆಯಲ್ಲಿ ಮಗಳಾಗುವುದು.

ಅಕ್ಟೋಬರಿನಲ್ಲಿ ಕಾಲೇಜು. ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜು 1850ರಲ್ಲಿ ಶುರುವಾದದ್ದು, ಹೆಣ್ಣುಮಕ್ಕಳಿಗೆಂದೇ ಇದ್ದ ಜಗತ್ತಿನ ಮೊದಲ ವೈದ್ಯಕೀಯ ಕಾಲೇಜುಗಳಲ್ಲೊಂದು. ಡೀನ್ ರೇಚಲ್ ಬಾಡ್ಲಿ ಮೂರು ವರ್ಷಕ್ಕೆ 600 ಡಾಲರ್ ವಿದ್ಯಾರ್ಥಿವೇತನ ಕೊಡಿಸಿದರು. ಕಾರ್ಪೆಂಟರ್ ಅವರು ರೊಸೆಲ್‌ಗೆ ಹಿಂದಿರುಗಿದ ಮೇಲೆ ಆನಂದಿಬಾಯಿ ನಿಜವಾಗಿ ಒಬ್ಬರೇ ಆದರು. ಈಗ ಹೂಡಬೇಕಾದದ್ದು ಬಿಡಾರ.

ಚಳಿಗಾಲ ಬಂತು. ಪುಣೆಯ ಡಿಸೆಂಬರಿನಲ್ಲಿ ಹತ್ತು-ಹನ್ನೆರಡು ಡಿಗ್ರಿಗೆ ನಾವು ಸ್ವೆಟರ್ ಹುಡುಕುತ್ತೇವೆ. ಫಿಲಡೆಲ್ಫಿಯಾದಲ್ಲಿ ನೀರು ಹೆಪ್ಪುಗಟ್ಟುತ್ತದೆ. ಅಂಥ ಊರಿನಲ್ಲಿ ಕೋಣೆ ಎಂದರೆ ನಾಲ್ಕು ಗೋಡೆಗಿಂತ ಮೊದಲು ಅಗ್ಗಿಷ್ಟಿಕೆ. ಆನಂದಿಬಾಯಿಯವರ ಕೋಣೆಯ ಅಗ್ಗಿಷ್ಟಿಕೆ ಸರಿಯಿರಲಿಲ್ಲ. ಹಚ್ಚಿದರೆ ಬೆಂಕಿಗಿಂತ ಹೊಗೆ ಹೆಚ್ಚು. ಹಚ್ಚದಿದ್ದರೆ ಚಳಿ. ಮೊದಲೇ ಉಬ್ಬಸದ ಎದೆ ಅವರದು.

ಇದನ್ನು ಓದುವಾಗ ನನಗೆ ಅನಿಸುವುದು, ಒಲೆ ಹಚ್ಚುವುದು ಆನಂದಿಬಾಯಿಗೆ ಹೊಸತಲ್ಲ. ಕಟ್ಟಿಗೆ, ಬೆರಣಿ, ಊದುಗೊಳವೆ ಎಲ್ಲ ಗೊತ್ತು. ಹೊಸತಾದದ್ದು ಆ ಊರಿನ ಒಲೆ. ಕಲ್ಲಿದ್ದಲನ್ನು ಹೇಗೆ ಜೋಡಿಸಬೇಕು, ಗಾಳಿಗಂಡಿ ಎಷ್ಟು ತೆರೆಯಬೇಕು, ರಾತ್ರಿ ಹೇಗೆ ಮುಚ್ಚಿಡಬೇಕು – ಇವನ್ನೆಲ್ಲ ಅಲ್ಲಿ ಹುಟ್ಟಿದ ಮಕ್ಕಳು ಅಮ್ಮನ ಪಕ್ಕ ಕೂತು ಕಲಿತಿರುತ್ತಾರೆ. ಊರು ಬಿಟ್ಟವರು ಯಾವ ವಯಸ್ಸಿನವರಾದರೂ ಇಂಥ ವಿದ್ಯೆಯಲ್ಲಿ ಮತ್ತೆ ಒಂದನೆಯ ಇಯತ್ತೆಗೆ ಸೇರುತ್ತಾರೆ. ಹಗಲು ಅಂಗರಚನೆಯ ಪಾಠ, ಸಂಜೆ ಬೆಂಕಿಯ ಪಾಠ. ಎರಡನೆಯದಕ್ಕೆ ಅಲ್ಲಿ ಮೇಷ್ಟ್ರಿಲ್ಲ.

ಊಟದ ಕಥೆಯೂ ಅದೇ. ಮಾಂಸ ಮುಟ್ಟುವುದಿಲ್ಲವೆಂದು ಮಾತು ಕೊಟ್ಟಾಗಿದೆ. ಬೇಳೆ, ಅಕ್ಕಿ, ಮಸಾಲೆ ಬೀದಿ ಕೊನೆಯ ಅಂಗಡಿಯಲ್ಲಿ ಸಿಗುವ ಕಾಲವಲ್ಲ. ಐದು ವರ್ಷ ಕಳೆದು, 1888ರಲ್ಲಿ, ಇಂಥದ್ದೇ ಮಾತು ಕೊಟ್ಟು ಲಂಡನ್ನಿಗೆ ಹೋದ ಇನ್ನೊಬ್ಬ ಹದಿನೆಂಟು-ಹತ್ತೊಂಬತ್ತರ ತರುಣ ಮೋಹನದಾಸ ಗಾಂಧಿ. ಅವರೂ ಮೊದಮೊದಲು ಹಸಿದೇ ಇದ್ದರು. ಆದರೆ ನಡೆದು ನಡೆದು ಫ್ಯಾರಿಂಗ್ಡನ್ ಬೀದಿಯಲ್ಲಿ ಸಸ್ಯಾಹಾರದ ಹೋಟೆಲು ಹುಡುಕಿಕೊಂಡರು, ಸಸ್ಯಾಹಾರಿಗಳ ಸಂಘ ಸೇರಿದರು. ಆಮೇಲೆ ಒಂದೇ ಕೋಣೆ ಹಿಡಿದು, ಸ್ಟೋವ್ ಇಟ್ಟುಕೊಂಡು, ಓಟ್ಸ್ ಗಂಜಿ ಮತ್ತು ಕೋಕೋ ಮಾಡಿಕೊಂಡು ಖರ್ಚು ಇಳಿಸಿದರು. ಅಮ್ಮನಿಗೆ ಕೊಟ್ಟ ಮಾತು ಕಡೆಕಡೆಗೆ ಅವರದೇ ನಂಬಿಕೆಯಾಯಿತು, ಗೆಳೆಯರನ್ನೂ ತಂದಿತು. ಒಂಟಿ ಕೋಣೆಯಿಂದ ಎದ್ದು ಊರೆಲ್ಲ ಅಲೆದು ಹೋಟೆಲು ಹುಡುಕುವ ಅವಕಾಶ ಗಂಡಸಿಗಿತ್ತು. ಹದಿನೆಂಟರ ಹಿಂದೂ ಹೆಂಗಸಿಗೆ, ಸೀರೆಯುಟ್ಟು ಬೀದಿಗಿಳಿದರೆ ನೋಡಲು ಜನ ಸೇರುವ ಊರಿನಲ್ಲಿ, ಆ ದಾರಿ ಇರಲಿಲ್ಲ.

ಎರಡು ಭಾಷೆಯ ಪತ್ರಗಳು

ಸೀರೆಯ ವಿಷಯ ಇನ್ನೂ ಸೂಕ್ಷ್ಮ. ಮರಾಠಿ ಬ್ರಾಹ್ಮಣ ಹೆಂಗಸರು ಉಡುತ್ತಿದ್ದದ್ದು ಕಚ್ಚೆ ಹಾಕುವ ಒಂಬತ್ತು ಗಜದ ಸೀರೆ. ಅದರಲ್ಲಿ ಮೀನಖಂಡ ಬರಿದಾಗಿಯೇ ಉಳಿಯುತ್ತದೆ. ದಖ್ಖನಿನ ಬಿಸಿಲಿಗೆ, ಅಂಗಳದ ಕೆಲಸಕ್ಕೆ ಹೇಳಿ ಮಾಡಿಸಿದ ಉಡುಗೆ. ಮಂಜು ಬೀಳುವ ಊರಿಗೆ ಅಲ್ಲ. ಜೊತೆಗೆ, ಕಾಲು ಕಾಣುವುದು ಆಗಿನ ಅಮೆರಿಕದ ಕಣ್ಣಿಗೆ ಸಭ್ಯವಲ್ಲ. ಆನಂದಿಬಾಯಿ ಗುಜರಾತಿ ರೀತಿಯಲ್ಲಿ ಸೀರೆ ಉಡಲು ಶುರುಮಾಡಿದರು. ಹಾಗೆ ಉಟ್ಟರೆ ಪಾದದವರೆಗೂ ಮುಚ್ಚುತ್ತದೆ, ಒಳಗೆ ಲಂಗ ಹಾಕಬಹುದು. ಸೀರೆ ಬಿಡಲಿಲ್ಲ, ಉಡುವ ಕ್ರಮ ಬದಲಿಸಿದರು. ಕೊಟ್ಟ ಮಾತೂ ಉಳಿಯಬೇಕು, ಕಾಲೂ ಬೆಚ್ಚಗಿರಬೇಕು. ನನ್ನ ಮಟ್ಟಿಗೆ ಆ ಮೂರು ವರ್ಷಗಳ ಅತಿ ಜಾಣ ತೀರ್ಮಾನ ಇದು.

ಆದರೆ ಇದಕ್ಕೂ ಗಂಡನಿಗೆ ಸಮಜಾಯಿಷಿ ಕೊಡಬೇಕಿತ್ತು. ಪತ್ರ ಹೋಗಿ ಉತ್ತರ ಬರಲು ತಿಂಗಳುಗಳೇ ಹಿಡಿಯುತ್ತಿದ್ದ ಕಾಲ. ಗೋಪಾಲರಾವ್ ಅವರ ಪತ್ರಗಳಲ್ಲಿ ಅನುಮಾನ, ಮೂದಲಿಕೆ ಬರುತ್ತಿದ್ದವು. ಹೆಂಡತಿಯನ್ನು ಹಟ ಹಿಡಿದು ಕಳಿಸಿದವರು ಅವರೇ, ಹೋದವಳು ಬದಲಾದಾಳು ಎಂದು ಹೆದರಿದವರೂ ಅವರೇ.

ಆನಂದಿಬಾಯಿ ಗಂಡನಿಗೆ ಬರೆದದ್ದು ಮರಾಠಿಯಲ್ಲಿ, ಕಾರ್ಪೆಂಟರ್ ಚಿಕ್ಕಮ್ಮನಿಗೆ ಇಂಗ್ಲಿಷಿನಲ್ಲಿ. ಭಾಷಾವಿಜ್ಞಾನ ಓದಿದವಳಿಗೆ ಇಲ್ಲಿ ನಿಲ್ಲದೆ ಮುಂದೆ ಹೋಗಲು ಆಗುವುದಿಲ್ಲ. ಹುಟ್ಟಿದಾಗಿನಿಂದ ಬಂದ ಭಾಷೆ ಲೆಕ್ಕ ಒಪ್ಪಿಸುವ ಭಾಷೆಯಾಯಿತು. ಏಟು ತಿಂದು ಕಲಿತ ಭಾಷೆ ಮನಸ್ಸು ಬಿಚ್ಚುವ ಭಾಷೆಯಾಯಿತು. ತಾಯ್ನುಡಿಯಲ್ಲಿ ಮನೆಯಿದೆ, ಪರಭಾಷೆಯಲ್ಲಿ ಪರದೇಶ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಅವರ ಪತ್ರಗಳಲ್ಲಿ ಅದು ತಿರುಗುಮುರುಗಾಗಿದೆ. ಹಾಗೆಂದು ಮರಾಠಿ ಪತ್ರಗಳು ಬರೀ ಅಂಜಿಕೆಯವು ಎಂದಲ್ಲ. ಮೊದಲು ಹೇಳಿದ ಕಟ್ಟಿಗೆ-ಕುರ್ಚಿಯ ಮಾತು ಬಂದದ್ದು ಅಲ್ಲೇ. ಒಂದೇ ಮನೆಯಲ್ಲಿದ್ದಾಗ ಆಡಲಾಗದ ಮಾತನ್ನು ಆಡುವುದಕ್ಕೆ ನಡುವೆ ಅಷ್ಟು ದೊಡ್ಡ ಸಮುದ್ರ ಬೇಕಾಯಿತೇನೋ.

ಆ ಕಾಲೇಜಿನ ಒಂದು ಫೋಟೋ ಬಹಳ ಪ್ರಸಿದ್ಧ. 1885ರ ಅಕ್ಟೋಬರ್ 10ರದು. ಸೀರೆಯುಟ್ಟ ಆನಂದಿಬಾಯಿ, ಕಿಮೋನೋದ ಕೇಯಿ ಓಕಾಮಿ, ತಮ್ಮ ನಾಡಿನ ಉಡುಗೆಯ ಸಿರಿಯಾದ ಸಬಾತ್ ಇಸ್ಲಾಂಬೂಲಿ. ಮೂವರೂ ಮನೆ ಬಿಟ್ಟು ಬಂದವರು, ಮೂವರೂ ಒಂದೇ ಕಾಲೇಜಿನವರು. ಹೊರನಾಡಿನ ಹೆಣ್ಣುಮಕ್ಕಳು ಹೊರನಾಡಿನವರಂತೆಯೇ ಕಾಣಬೇಕೆಂಬ ಆಸೆ ಕಾಲೇಜಿಗೂ ಇದ್ದಿರಬೇಕು. ಊರಿನವರಿಗೆ ಬೇಕಾದದ್ದು ಬದಲಾಗದ ಆನಂದಿ. ಅಲ್ಲಿಯವರ ಕಣ್ಣಿಗೆ ಚೆಂದ ಕಂಡದ್ದೂ ಆಕೆಯೇ. ಫೋಟೋದಲ್ಲಿ ರೇಷ್ಮೆ ಕಾಣುತ್ತದೆ, ಚಳಿ ಕಾಣುವುದಿಲ್ಲ.

ಇನ್ನೊಬ್ಬರು ಬಂದರು

1886ರ ಮಾರ್ಚ್ 11ರಂದು ಪದವಿ ಪ್ರದಾನ. ಆನಂದಿಬಾಯಿಯವರ ಪ್ರಬಂಧದ ವಿಷಯ ಪ್ರಾಚೀನ ಹಿಂದೂಗಳಲ್ಲಿ ಪ್ರಸೂತಿ ವಿದ್ಯೆ. ಗೋಪಾಲರಾವ್ ಅಷ್ಟು ಹೊತ್ತಿಗೆ ಅಮೆರಿಕ ತಲುಪಿದ್ದರು. ಸಭೆಯಲ್ಲಿ ಇನ್ನೊಬ್ಬ ಹೆಂಗಸಿದ್ದರು, ಬಾಡ್ಲಿಯವರ ಕರೆಯ ಮೇಲೆ ಇಂಗ್ಲೆಂಡಿನಿಂದ ಪುಟ್ಟ ಮಗಳೊಂದಿಗೆ ಬಂದವರು, ಆನಂದಿಬಾಯಿಗೆ ದೂರದ ನೆಂಟರು: ಪಂಡಿತಾ ರಮಾಬಾಯಿ.

ರಮಾಬಾಯಿ ನಮ್ಮ ಕಡೆಯವರು. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಊರಿನ ವಿರೋಧ ಕಟ್ಟಿಕೊಂಡು, ಉಡುಪಿಯ ವಿದ್ವಾಂಸರ ಮುಂದೆ ಅದನ್ನು ಸಮರ್ಥಿಸಿಕೊಂಡು, ಕುದುರೆಮುಖ ಸೀಮೆಯ ಗಂಗಾಮೂಲದ ಕಾಡಿನಲ್ಲಿ ಮನೆ ಮಾಡಿದವರು. ಅಲ್ಲಿ 1858ರ ಏಪ್ರಿಲ್ 23ರಂದು ರಮಾಬಾಯಿ ಹುಟ್ಟಿದರು. ಆಮೇಲೆ ಆ ಕುಟುಂಬಕ್ಕೆ ಮನೆಯೆಂಬುದೇ ಇರಲಿಲ್ಲ. ಪುರಾಣ ಹೇಳುತ್ತ ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆದರು. 1870ರ ದಶಕದ ಬರದಲ್ಲಿ ಅಪ್ಪ, ಅಮ್ಮ, ಅಕ್ಕ ತೀರಿಹೋದರು. ಕನ್ನಡದ ಅರ್ಥದಲ್ಲಿ ರಮಾಬಾಯಿ ಸಮುದ್ರ ದಾಟುವ ಮೊದಲೇ ಪರದೇಶಿ.

ಅವರೂ ಹೊರಟದ್ದು 1883ರಲ್ಲೇ, ಪುಣೆಯಿಂದ. ಗಂಡ ತೀರಿಕೊಂಡ ಮರುವರ್ಷ. ಮರಾಠಿಯಲ್ಲಿ ಬರೆದ 'ಸ್ತ್ರೀಧರ್ಮನೀತಿ' ಪುಸ್ತಕ ಪ್ರಯಾಣದ ಹಣಕ್ಕೆ ಆಧಾರವಾಯಿತು. ವಾಂಟೇಜ್ ಎಂಬ ಊರಿನ ಸಂನ್ಯಾಸಿನಿಯರ ಮಠದಲ್ಲಿ ತಂಗಿದರು. ವೈದ್ಯಕೀಯ ಓದುವ ಆಸೆಯಿತ್ತು, ಕಿವಿ ಮಂದವಾದ್ದರಿಂದ ಕೈಬಿಟ್ಟರು. ಜೊತೆಗೆ ಬಂದಿದ್ದ ಗೆಳತಿ ಆನಂದಿಬಾಯಿ ಭಗತ್ ಕೆಲವೇ ತಿಂಗಳಲ್ಲಿ ಅಲ್ಲಿ ಸತ್ತರು. ಆ ವರ್ಷದ ಸೆಪ್ಟೆಂಬರ್ 29ರಂದು ರಮಾಬಾಯಿ ಕ್ರೈಸ್ತರಾದರು.

ಮತ ಬದಲಾದರೂ ಊಟ ಬದಲಾಗಲಿಲ್ಲ. ಮೀನು, ಮೊಟ್ಟೆ ಮುಟ್ಟುವುದಿಲ್ಲ ಎಂದು ಹಟ ಹಿಡಿದರು. ಪುಡಿಂಗ್‌ನಲ್ಲಿ ಮೊಟ್ಟೆಯಿದೆಯೆಂದು ಅದನ್ನು ಬಿಟ್ಟದ್ದಕ್ಕೆ, ಅವರ ಹೊಣೆ ಹೊತ್ತಿದ್ದ ಸಿಸ್ಟರ್ ಜೆರಾಲ್ಡೀನ್ ಅವರಿಗೆ ಇದು ಜಾತಿಯ ಅಹಂಕಾರವಾಗಿ ಕಂಡಿತು. ಪತ್ರಗಳಲ್ಲಿ ವಾದವೇ ನಡೆಯಿತು. ತನ್ನಲ್ಲಿ ಜಾತಿಯ ಅಂಟು ಪೂರ್ತಿ ಹೋಗಿಲ್ಲವೆಂದು ರಮಾಬಾಯಿ ಒಪ್ಪಿಕೊಂಡರು, ಮೊಟ್ಟೆಯನ್ನು ಮಾತ್ರ ಒಪ್ಪಲಿಲ್ಲ. ಆನಂದಿಬಾಯಿ ಊರಿಗೆ ಕೊಟ್ಟ ಮಾತಿಗಾಗಿ ಊಟ ಕಾಯ್ದುಕೊಂಡರು. ರಮಾಬಾಯಿಗೆ ಕಾಯಬೇಕಾದ ಊರೇ ಇರಲಿಲ್ಲ, ಆದರೂ ಕಾಯ್ದುಕೊಂಡರು. ಏನು ತಿನ್ನಬೇಕೆಂದು ಬೇರೆಯವರು ಹೇಳಬಾರದು ಎಂಬುದೇ ಅವರ ವಾದದ ತಿರುಳಾಗಿತ್ತು.

ಫಿಲಡೆಲ್ಫಿಯಾದಲ್ಲಿ ಈ ಇಬ್ಬರೂ ಕೂತು ಏನು ಮಾತಾಡಿದರೋ. ರಮಾಬಾಯಿ ಕಂಡದ್ದು ಪದವಿಯನ್ನಷ್ಟೇ ಅಲ್ಲ. ಬಿಳಿಚಿದ ಮುಖವನ್ನೂ, ಕೆಮ್ಮನ್ನೂ ಕಂಡಿರಬೇಕು. ರೋಗ ಕ್ಷಯ. ಅದರ ರೋಗಾಣುವನ್ನು ರಾಬರ್ಟ್ ಕೋಕ್ 1882ರ ಮಾರ್ಚಿನಲ್ಲಿ, ಆನಂದಿಬಾಯಿ ಹಡಗು ಹತ್ತುವ ಒಂದು ವರ್ಷ ಮೊದಲು, ಜಗತ್ತಿಗೆ ತಿಳಿಸಿದ್ದರು. ಔಷಧಿ ಬರಲು ಇನ್ನೂ ಅರವತ್ತು ವರ್ಷ ಬೇಕಿತ್ತು. ಹೊಗೆಯಿಲ್ಲದ ಕೋಣೆ, ಹೊಟ್ಟೆ ತುಂಬುವ ಊಟ ಇದ್ದಿದ್ದರೆ ಬದುಕುತ್ತಿದ್ದರು ಎಂದು ಹೇಳಲು ನನಗೆ ಧೈರ್ಯವಿಲ್ಲ. ಆದರೆ ಔಷಧಿಯಿಲ್ಲದ ಆ ಕಾಲದಲ್ಲಿ ಕ್ಷಯಕ್ಕೆ ವೈದ್ಯರು ಬರೆದುಕೊಡಬಹುದಾಗಿದ್ದ ಚೀಟಿಯೇ ಗಾಳಿ, ಊಟ, ವಿಶ್ರಾಂತಿ. ಮೂರೂ ಬಿಡಾರದಲ್ಲಿ ಸಿಗಬೇಕಾದವು.

ಕೊಲ್ಹಾಪುರದ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಹೆಂಗಸರ ವಿಭಾಗಕ್ಕೆ ಆನಂದಿಬಾಯಿಯವರನ್ನು ವೈದ್ಯೆಯಾಗಿ ನೇಮಿಸಿದ್ದರು. 1886ರ ಅಕ್ಟೋಬರ್ 9ರಂದು ನ್ಯೂಯಾರ್ಕ್ ಬಿಟ್ಟರು, ನವೆಂಬರ್ 16ಕ್ಕೆ ಮುಂಬಯಿ. ಕೊಲ್ಹಾಪುರದ ಕೆಲಸ ಶುರು ಮಾಡಲಾಗಲೇ ಇಲ್ಲ. 1887ರ ಫೆಬ್ರವರಿ 26ರಂದು ಪುಣೆಯಲ್ಲಿ ತೀರಿಕೊಂಡರು. ಇಪ್ಪತ್ತೆರಡು ತುಂಬಲು ಒಂದು ತಿಂಗಳು ಬಾಕಿಯಿತ್ತು.

ಅವರ ಚಿತಾಭಸ್ಮವನ್ನು ಕಾರ್ಪೆಂಟರ್ ಅವರಿಗೆ ಕಳಿಸಿದರು. ನ್ಯೂಯಾರ್ಕ್ ರಾಜ್ಯದ ಪೊಕೀಪ್ಸಿಯ ಸ್ಮಶಾನದಲ್ಲಿ ಆ ಕುಟುಂಬದ ಜಾಗದಲ್ಲೇ ಅದನ್ನು ಇಟ್ಟು ಕಲ್ಲು ನೆಟ್ಟರು. ಬದಲಾಗದೆ ಬರುತ್ತೇನೆಂದು ಮಾತು ಕೊಟ್ಟು, ಬಂದು, ಊರಿನಲ್ಲೇ ಪ್ರಾಣ ಬಿಟ್ಟ ಹೆಂಗಸಿನ ಬೂದಿ ಮತ್ತೆ ಸಮುದ್ರ ದಾಟಿ ಹೋಯಿತು. ಪತ್ರದಲ್ಲಿ ಆದ ನೆಂಟಸ್ತನ ಎಷ್ಟು ಗಟ್ಟಿಯೆಂದರೆ, ಅವರು ಈಗ ಇರುವುದು ಚಿಕ್ಕಮ್ಮನ ಮನೆಯವರ ನಡುವೆ.

ಬಿಡಾರದಿಂದ ಸದನಕ್ಕೆ

ಅದೇ 1887ರಲ್ಲಿ ಫಿಲಡೆಲ್ಫಿಯಾದಲ್ಲಿ ರಮಾಬಾಯಿಯವರ ಇಂಗ್ಲಿಷ್ ಪುಸ್ತಕ, ಮೇಲ್ಜಾತಿಯ ಹಿಂದೂ ಹೆಂಗಸರ ಸ್ಥಿತಿಯ ಬಗೆಗಿನದು, ಬಾಡ್ಲಿಯವರ ಮುನ್ನುಡಿಯೊಂದಿಗೆ ಬಂತು. ವರ್ಷದ ಕೊನೆಗೆ ಬಾಸ್ಟನ್ನಿನಲ್ಲಿ ರಮಾಬಾಯಿ ಸಂಘ ಕಟ್ಟಲಾಯಿತು. ಹತ್ತು ವರ್ಷ ಹಣ ಕೊಡುವ ಭರವಸೆ ಸಿಕ್ಕಿತು. ಆ ಹಣದಲ್ಲಿ ರಮಾಬಾಯಿ ಮೊದಲು ಮಾಡಿದ್ದು ಒಂದು ಮನೆ. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ 'ಶಾರದಾ ಸದನ' ತೆರೆ‍ಯಿತು. ಆನಂದಿಬಾಯಿಯ ಪದವಿಗೆ ಆ ದಿನ ಸರಿಯಾಗಿ ಮೂರು ವರ್ಷ. ಮರುವರ್ಷ ಸದನ ಪುಣೆಗೆ ಬಂತು.

ಬಾಲವಿಧವೆಯರಿಗೆ ಓದು ಕಲಿಸುವ ಶಾಲೆ ಅದು. ಆದರೆ ಹೆಸರಲ್ಲಿ 'ಸದನ'ವಿದೆ. ಅಲ್ಲಿ ಹುಡುಗಿಯರು ತಂತಮ್ಮ ಜಾತಿಯ ನಿಯಮದಂತೆ ಅಡುಗೆ ಮಾಡಿಕೊಂಡು ಉಣ್ಣಲು ಅವಕಾಶವಿತ್ತು. ಕ್ರೈಸ್ತಳಾದವಳು ನಡೆಸುವ ಮನೆಯಲ್ಲಿ ಬ್ರಾಹ್ಮಣ ವಿಧವೆಗೆ ಪ್ರತ್ಯೇಕ ಒಲೆ! ಹಣ ಕೊಟ್ಟವರ ಷರತ್ತು, ಪುಣೆಯ ಸುಧಾರಕರ ಒತ್ತಾಯ ಇದಕ್ಕೆ ಕಾರಣವಿದ್ದಿರಬಹುದು. ವಾಂಟೇಜಿನ ಪುಡಿಂಗಿನ ಜಗಳವನ್ನೂ ನಾನು ಕಾರಣಗಳ ಪಟ್ಟಿಗೆ ಸೇರಿಸುತ್ತೇನೆ. ಮನೆ ಬಿಟ್ಟು ಬಂದವಳ ಕೈಯಿಂದ ಅವಳ ಒಲೆಯನ್ನೂ ಕಿತ್ತುಕೊಳ್ಳಬಾರದು ಎಂಬುದನ್ನು ರಮಾಬಾಯಿ ಅನುಭವಿಸಿ ತಿಳಿದಿದ್ದರು. 1893ರಲ್ಲಿ ಮತಾಂತರದ ಆರೋಪ ಎದ್ದು ಪುಣೆಯ ಬೆಂಬಲಿಗರು ದೂರವಾದರು. ಆ ಜಗಳದಲ್ಲಿ ಎರಡೂ ಕಡೆ ಹೇಳಲು ಮಾತಿತ್ತು.

ಸದನಕ್ಕೆ ಮೊದಲು ಸೇರಿದ ವಿಧವೆಯರಲ್ಲಿ ಗೋದೂಬಾಯಿ ಒಬ್ಬರು. 1893ರಲ್ಲಿ ಧೋಂಡೋ ಕೇಶವ ಕರ್ವೆ ಅವರನ್ನು ಮದುವೆಯಾದರು. ಮದುವೆಯ ನಂತರ ಆಕೆಯ ಹೆಸರು ಆನಂದಿಬಾಯಿ ಕರ್ವೆ. ಇವರ ಸೊಸೆ ಇರಾವತಿ ಕರ್ವೆ 1928ರಲ್ಲಿ ಮಾನವಶಾಸ್ತ್ರದ ಡಾಕ್ಟರೇಟ್ ಮಾಡಲು ಬರ್ಲಿನ್ನಿಗೆ ಹೋದರು. ಮಾವ ಕರ್ವೆಯವರಿಗೆ ಇದು ಹಿಡಿಸಿರಲಿಲ್ಲ. ಗಂಡ ದಿನಕರ, ತಾವೂ ಜರ್ಮನಿಯಲ್ಲಿ ಓದಿದವರು, ಕಳಿಸಿದರು. ಎರಡು ವರ್ಷದಲ್ಲಿ ಓದು ಮುಗಿಸಿ ಬಂದ ಇರಾವತಿ 1939ರಿಂದ ಡೆಕ್ಕನ್ ಕಾಲೇಜಿನಲ್ಲಿ ದುಡಿದರು. 1970ರವರೆಗೆ ಬದುಕಿ, ಸಂಶೋಧನೆ ಮಾಡಿ, 'ಯುಗಾಂತ' ಬರೆದರು. ಫಿಲಡೆಲ್ಫಿಯಾದ ಕೋಣೆಯಿಂದ ಬರ್ಲಿನ್ನಿನವರೆಗೆ ನಲವತ್ತೈದು ವರ್ಷ. ನಡುವೆ ಒಂದು ಸದನ, ಒಂದು ಮರುಮದುವೆ. ಧೈರ್ಯ ಆನಂದಿಬಾಯಿಗೆ ಕಡಿಮೆಯಿರಲಿಲ್ಲ. ಇರಾವತಿಯವರಿಗೆ ಹೆಚ್ಚಾಗಿ ಸಿಕ್ಕದ್ದು, ಬದಲಾಗಿ ಬಂದರೂ ಬಾಗಿಲು ತೆರೆಯುವ ಒಂದು ಮನೆ.

ಹೊರದೇಶಕ್ಕೆ ಒಬ್ಬರೇ ಹೋದವರ ಕಥೆಯನ್ನು ನಾವು ಸಾಮಾನ್ಯವಾಗಿ ಅವರ ಗಟ್ಟಿತನದ ಕಥೆಯಾಗಿ ಹೇಳುತ್ತೇವೆ. ಆನಂದಿಬಾಯಿಯವರ ವಿಷಯದಲ್ಲಿ ಹಾಗೆ ಹೇಳಿ ಕೈತೊಳೆದುಕೊಳ್ಳಲು ನನಗೆ ಸಂಕೋಚವಾಗುತ್ತದೆ. ಅವರನ್ನು ಕಳಿಸಿದವರು ಪದವಿ ಬೇಡಿದರು, ಬದಲಾಗಬಾರದೆಂದರು; ಬೆಂಕಿ ಹೊತ್ತಿಕೊಳ್ಳುತ್ತಿದೆಯೇ ಎಂದು ಕೇಳಿದವರು ಕಡಿಮೆ. ಈಗಲೂ ಮಗಳನ್ನು ಜರ್ಮನಿಗೋ ಕೆನಡಾಕ್ಕೋ ಓದಲು ಕಳಿಸುವ ಮನೆಗಳಲ್ಲಿ ಅಂಕದ ವಿಚಾರಣೆ ನಡೆದಷ್ಟು ಹೀಟರಿನ ವಿಚಾರಣೆ ನಡೆಯುವುದಿಲ್ಲ.

ಬೆಂಗಳೂರಿನಿಂದ ಪುಣೆಗೆ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಬಂದರೆ, ಕಲಬುರಗಿ, ಸೊಲ್ಲಾಪುರ ದಾಟಿ, ದೌಂಡ್ ಆದಮೇಲೆ ಕೇಡಗಾಂವ್ ಎಂಬ ಸಣ್ಣ ಸ್ಟೇಷನ್ ಹಾದುಹೋಗುತ್ತದೆ. 1896ರ ಬರದಿಂದ ಉಳಿಸಿ ತಂದ ಹುಡುಗಿಯರಿಗಾಗಿ ರಮಾಬಾಯಿ ಕಟ್ಟಿದ 'ಮುಕ್ತಿ' ಇರುವುದು ಇಲ್ಲಿ. ಅವರು 1922ರ ಏಪ್ರಿಲ್ 5ರಂದು ಇಲ್ಲೇ ತೀರಿಕೊಂಡರು. ಫಿಲಡೆಲ್ಫಿಯಾದ ಆ ಸಭೆಯಲ್ಲಿ ಅಮ್ಮನ ಪಕ್ಕ ಕೂತಿದ್ದ ಪುಟ್ಟ ಮಗಳು ಮನೋರಮಾ ಬೆಳೆದ ಮೇಲೆ ಕಲಬುರಗಿಯಲ್ಲಿ ಶಾಲೆ ತೆರೆದರು. ಗಂಗಾಮೂಲದ ಕಾಡಿನಲ್ಲಿ ಹುಟ್ಟಿ ಮನೆಯಿಲ್ಲದೆ ಅಲೆದವರ ಕೆಲಸ ಹೀಗೆ ಸುತ್ತಿ ಬಳಸಿ ಕನ್ನಡದ ಊರಿಗೆ ಬಂತು. ಗಾಡಿ ಕೇಡಗಾಂವ್‌ನಲ್ಲಿ ನಿಲ್ಲದೆ ಹೋದಾಗ, ನಾನು ಕಿಟಕಿಯ ಕಡೆ ಕೂತಿದ್ದರೆ ಆ ದಿಕ್ಕಿಗೆ ಒಮ್ಮೆ ನೋಡುತ್ತೇನೆ.